ಒಣ ಚೈನಿಗೆ ಬಿದ್ದ ಎಣ್ಣೆ

"ಸಹಿ ಹಾಕಂಗಿಲ್ಲ ಅಂದ್ರ ಹಾಕಂಗಿಲ್ರಿ," ಎಂದು ಸರೋಜಾ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು.

ಉರುಳಿ ಬೀಳಲಿದ್ದ ಪೆನ್ನನ್ನು ಹೆಡ್ ಕಾನ್‌ಸ್ಟೆಬಲ್ ಮಾರೇಶ ಹಿಡಿದುಕೊಂಡ. ಕುರುಗೋಡಿನ ಆಚೆ ಕಾಲುವೆ ಏರಿಯ ಮೇಲಿದ್ದ ಆ ಹೊರಠಾಣೆ ಎಂದರೆ ಒಂದು ಕೋಣೆ, ಅದರ ಮುಂದೊಂದು ಬೇವಿನ ಮರ. ಮರಕ್ಕೆ ಒಂದು ಲೇಡೀಸ್ ಸೈಕಲ್ಲನ್ನು ಒರಗಿಸಿದ್ದರು. ಅದರ ಒಡತಿ ಪಂಪಾವತಿ ಕಾಣೆಯಾಗಿ ವಾರವಾಗುತ್ತ ಬಂದಿತ್ತು.

ಸೈಕಲ್ಲು ಏರಿಯ ಮೇಲೆ ಸಿಕ್ಕಿದ್ದರಿಂದ ಆಕೆ ಕಾಲುವೆಗೆ ಹಾರಿದಳು ಎಂದು ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ಹೆಣ ಸಿಕ್ಕಿರಲಿಲ್ಲ. ನೀರು ಆಂಧ್ರದ ಕಡೆಗೆ ಎಳೆದುಕೊಂಡು ಹೋಗಿರಬೇಕು ಅಂದುಕೊಂಡರೆ ಅದಕ್ಕೂ ಸಮಾಧಾನ ಸಿಗುತ್ತಿತ್ತು. ಇನ್ನುಳಿದದ್ದು ಅಕ್ಕ ಸರೋಜಾಳ ಒಂದು ಸಹಿ. ತಂಗಿ ಬೇಸತ್ತು ಜೀವ ಕಳೆದುಕೊಂಡಿದ್ದಾಳೆ, ಯಾರ ಮೇಲೂ ಅನುಮಾನವಿಲ್ಲ ಎಂದು ಮನೆಯವರೇ ಒಪ್ಪಿದರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ.

ನಿಂತರೆ ಖುಷಿಪಡುವವನು ಒಬ್ಬನಿದ್ದ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ, ತೊಳೆಸಿ ಊರೂರಿಗೆ ಕಳಿಸುವ ಕರಿಬಸವ. ಅವನ ಯುನಿಟ್ಟಿನಲ್ಲಿ ಬಟ್ಟೆ ತೊಳೆಯುವ ದೊಡ್ಡ ಡ್ರಮ್ಮು ಸಿಡಿದು ಗಾದೆಮ್ಮ ಎಂಬ ಹೆಂಗಸು ಸತ್ತಿದ್ದಳು. ಡ್ರಮ್ಮು ಕೆಟ್ಟಿದೆ ಎಂದು ಗೊತ್ತಿದ್ದೂ ಓಡಿಸಿ ಎಂದು ಅವನು ಹೇಳಿದ್ದನ್ನು ಕಿವಿಯಾರೆ ಕೇಳಿದೆ ಎಂದು ಮುಂದೆ ಬಂದವಳು ಹೊಲಿಗೆಯ ಪಂಪಾವತಿ ಒಬ್ಬಳೇ. ಉಳಿದವರು ಕೇಳಿಯೂ ಕೇಳಿಲ್ಲವೆಂದರು. ಬರುವ ಸೋಮವಾರ ಕೋರ್ಟಿನಲ್ಲಿ ಅವಳ ಸಾಕ್ಷಿ ಆಗಬೇಕಿತ್ತು.

"ನಿಮ್ಮ ದುಃಖ ನನಗ ಗೊತ್ತಾಗ್ತದವ್ವ," ಎಂದ ಮಾರೇಶ. ಕೆಟ್ಟ ಮನುಷ್ಯನೇನಲ್ಲ, ಮೇಲಿನವರ ಫೋನು ಬಂದಾಗಲೆಲ್ಲ ಕುರ್ಚಿಯಿಂದ ಅರ್ಧ ಏಳುವ ಚಟವೊಂದು ಇತ್ತು, ಅಷ್ಟೆ.

"ದುಃಖ ಅಲ್ರಿ ಇದು, ಸಿಟ್ಟು," ಎಂದಳು ಸರೋಜಾ. "ನನ್ನ ತಂಗಿ ಸಾಯೋ ಪೈಕಿ ಅಲ್ಲ. ಆಕಿ ಕೈಯಾಗ ಕತ್ರಿ ಹಿಡಕೊಂಡು ಸೂಪರ್‌ವೈಸರ್‌ನ್ನ ಗೇಟಿನ ತನಕ ಓಡಿಸಿದಾಕಿ."

ಗೋಡೆಗೆ ಒರಗಿ ನಿಂತಿದ್ದ ಊರಮ್ಮನಿಗೆ ಆ ಮಾತು ಕೇಳಿ ಒಳಗೊಳಗೇ ಖುಷಿಯಾಯಿತು. ಐವತ್ತು ದಾಟಿದ ಊರಮ್ಮ ಗಾಂಧಿನಗರದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು, ಮದುವೆಗೆ ಮುಂಚೆ ಗಂಡು-ಹೆಣ್ಣಿನ ಮನೆತನ ವಿಚಾರಿಸಿ ಹೇಳುವ ಕೆಲಸ ಮಾಡುತ್ತಾಳೆ. ಹುಡುಗ ಕುಡಿಯುತ್ತಾನೋ, ತೋರಿಸಿದ ಹೊಲ ನಿಜಕ್ಕೂ ಅವರದೋ, ಮೊದಲೇ ಒಂದು ಮದುವೆ ಆಗಿ ಮುಚ್ಚಿಟ್ಟಿದ್ದಾರೋ ಎಂದು ಊರೂರು ಅಲೆದು ಸುಳ್ಳನ್ನು ಹೆಕ್ಕುವುದೇ ಅವಳ ಅನ್ನ. ಹಾಗಾಗಿ ನಿಜ ಹೇಳುವವರನ್ನು ಕಂಡರೂ ಅವಳಿಗೆ ಗುಮಾನಿ.

ಆದರೆ ಸರೋಜಾ ಬಂದು ಬಾಗಿಲಲ್ಲಿ ನಿಂತು, ಪೊಲೀಸರು ಹುಡುಕುತ್ತಿಲ್ಲ, ನೀನು ಹುಡುಕಿಕೊಡು ಎಂದ ದಿನ ಊರಮ್ಮ ಯಾವ ಗುಮಾನಿಯನ್ನೂ ಇಟ್ಟುಕೊಳ್ಳಲಿಲ್ಲ. ಬಗ್ಗದ ಹೆಂಗಸರೆಂದರೆ ಅವಳಿಗೆ ಮೊದಲಿನಿಂದಲೂ ಒಂದು ತೂಕ ಹೆಚ್ಚು.

"ಸೈಕಲ್ ಒಂದ್ಸಲ ನೋಡ್ಲೇನ್ರಿ ಮಾರೇಶಪ್ಪ?" ಎಂದಳು.

ನೋಡಿ ಎಂದ ಅವನು. ನೋಡುವುದಕ್ಕೆ ಅದರಲ್ಲಿ ಏನಿದೆ, ಕ್ಯಾರಿಯರ್ರು, ಬುಟ್ಟಿ, ಬೆಲ್ಲು ಎಲ್ಲ ಇದ್ದ ಹಾಗೇ ಇದೆ ಎಂದೂ ಹೇಳಿದ. ಊರಮ್ಮ ಸೀರೆಯ ನೆರಿಗೆ ಸಿಕ್ಕಿಸಿ ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಹ್ಯಾಂಡಲ್ಲು, ಸೀಟು, ಬುಟ್ಟಿ ಮುಟ್ಟಿ ನೋಡಿದಳು. ಪೆಡಲಿನ ಹತ್ತಿರ ಬಂದಾಗ ಅವಳ ಕೈ ನಿಂತಿತು.

ಚೈನಿಗೆ ಎಣ್ಣೆ ಹಾಕಿತ್ತು.

ಓದುವವರಿಗೆ ಇದೇನು ಮಹಾ ಎನ್ನಿಸಬಹುದು. ಸೈಕಲ್ಲಿಗೆ ಚೈನು ಇರುತ್ತದೆ, ಚೈನಿಗೆ ಎಣ್ಣೆ ಇರುತ್ತದೆ. ಆದರೆ ಬಳ್ಳಾರಿಯ ಜೀನ್ಸ್ ಯುನಿಟ್ಟುಗಳಿಗೆ ಸೈಕಲ್ಲಿನಲ್ಲಿ ಹೋಗಿಬರುವ ಹೆಂಗಸರ ಲೋಕವೇ ಬೇರೆ. ಚೈನಿನ ಎಣ್ಣೆ ಲಂಗಕ್ಕೆ ಹತ್ತಿ, ಲಂಗದಿಂದ ಕೈಗೆ ಬಂದು, ಕೈಯಿಂದ ಹೊಲಿಯುವ ಪ್ಯಾಂಟಿಗೆ ಒಂದು ಕಲೆ ಬಿತ್ತೆಂದರೆ ಇಡೀ ಕಟ್ಟು ವಾಪಸು ಬರುತ್ತದೆ, ಜೊತೆಗೆ ಸೂಪರ್‌ವೈಸರನ ಬಾಯಿಯೂ ಬರುತ್ತದೆ. ಮೇಲಾಗಿ ಊರಿನ ಕೆಂಪು ಧೂಳು ಎಣ್ಣೆಗೆ ಅಂಟಿ ಗಸಿಯಾಗಿ ಚೈನನ್ನು ಕಡಿದುಹಾಕುತ್ತದೆ.

ಅದಕ್ಕೇ ಪಂಪಾವತಿ ಒಂದು ದಾರಿ ಕಂಡುಕೊಂಡು, ತನ್ನ ಸಾಲಿನ ಹೆಂಗಸರಿಗೂ ಕಲಿಸಿದ್ದಳು. ಚೈನು ಬಿಚ್ಚಿ ಡೀಸೆಲ್ಲಿನಲ್ಲಿ ತಿಕ್ಕಿ, ತೊಳೆದು ಒಣಗಿಸುವುದು. ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಹಳೇ ಡಬ್ಬಿಯಲ್ಲಿ ಕರಗಿಸಿ ಅದರಲ್ಲಿ ಚೈನನ್ನು ಮುಳುಗಿಸುವುದು. ಎತ್ತಿ ತೂಗುಹಾಕಿ ಆರಿಸಿದರೆ ಮೇಣ ಕೊಂಡಿಗಳ ಒಳಗೆ ಕೂತುಬಿಡುತ್ತದೆ. ಹೊರಗಿನಿಂದ ನೋಡಿದವರಿಗೆ ಚೈನು ಬರಡಾಗಿ, ಬೂದಿ ಬಣ್ಣಕ್ಕೆ ತಿರುಗಿ, ದಿಕ್ಕಿಲ್ಲದ್ದರಂತೆ ಕಾಣುತ್ತದೆ. ಗಂಡಸರು ನಗುತ್ತಾರೆ. ಚೈನು ಮಾತ್ರ ಮುಟ್ಟಿದರೆ ಕೈಗೆ ಕಪ್ಪಾಗುವುದಿಲ್ಲ, ಧೂಳೂ ಹಿಡಿಯುವುದಿಲ್ಲ.

ಊರಮ್ಮ ಪಂಪಾವತಿಯ ಮನೆಗೆ ಹೋದಾಗ ಒಲೆಯ ಪಕ್ಕ ಆ ಮೇಣದ ಡಬ್ಬಿಯನ್ನು ಕಂಡಿದ್ದಳು. ಈಗ ತಲೆಯ ಪಿನ್ನು ತೆಗೆದು ಕೊಂಡಿಯ ಸಂದಿಯಲ್ಲಿ ಕೆದಕಿದಳು. ಎಣ್ಣೆಯ ಜೊತೆ ಬೂದುಬಣ್ಣದ ಮೇಣದ ಪುಡಿ ಎದ್ದುಬಂತು.

"ಮೇಣದ ಮ್ಯಾಲೆ ಎಣ್ಣಿ ಹಾಕ್ಯಾರ," ಎಂದಳು. "ಪಂಪಾವತಿ ಹಾಕಿದ್ದಲ್ಲ ಇದು. ಆಕಿಗೆ ಎಣ್ಣಿ ಕಂಡ್ರ ಆಗಂಗಿಲ್ಲ."

ಮಾರೇಶ ಬಂದು ಬಗ್ಗಿ ನೋಡಿದ. ಅವನೂ ಸಣ್ಣವನಿದ್ದಾಗ ಸೈಕಲ್ಲು ತುಳಿದವನೇ. ಪೆಡಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಚೈನು ಪೂರ್ತಿ ಸುತ್ತುವ ತನಕ ನೋಡಿದ. ನೋಡುತ್ತ ನೋಡುತ್ತ ಅವನ ಹುಬ್ಬು ಗಂಟಾಯಿತು.

"ಧೂಳಿಲ್ಲ," ಎಂದ ಮೆಲ್ಲಗೆ.

ಅದೇ ಮಾತು ಊರಮ್ಮನ ನಾಲಗೆಯ ತುದಿಗೂ ಬಂದಿತ್ತು. ಎಣ್ಣೆ ಇನ್ನೂ ಜೇನಿನ ಬಣ್ಣದಲ್ಲಿ ತಿಳಿಯಾಗಿತ್ತು. ಬಳ್ಳಾರಿಯಿಂದ ಇಲ್ಲಿಯವರೆಗೆ ಬೇಡ, ಕುರುಗೋಡಿನ ಬಸ್ ಸ್ಟ್ಯಾಂಡಿನಿಂದ ಕಾಲುವೆಯ ತನಕ ತುಳಿದಿದ್ದರೂ ಆ ಎಣ್ಣೆ ಮಣ್ಣು ಕುಡಿದು ಕಪ್ಪಾಗಿರಬೇಕಿತ್ತು. ಎಂದರೆ ಎಣ್ಣೆ ಬಿದ್ದ ಮೇಲೆ ಈ ಸೈಕಲ್ಲನ್ನು ಯಾರೂ ತುಳಿದಿಲ್ಲ. ಯಾವುದೋ ಗಾಡಿಯಲ್ಲಿ ಹೇರಿಕೊಂಡು ಬಂದು ಏರಿಯ ಮೇಲೆ ಇಟ್ಟುಹೋಗಿದ್ದಾರೆ.

"ಹಾರಾಕ ಬಂದಾಕಿ ಸೈಕಲ್ಲಿಗೆ ಗಾಡಿ ಮಾಡಿಕೊಂಡು ಬರ್ತಾಳೇನ್ರಿ?" ಎಂದು ಸರೋಜಾ ಕೇಳಿದಳು. ಅವಳ ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

ಮಾರೇಶ ಬರೆದಿಟ್ಟಿದ್ದ ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿದ. ಮೇಲಿನವರಿಗೆ ನಾಳೆ ಸಂಜೆಯ ತನಕ ಏನಾದರೂ ಹೇಳಿ ತಳ್ಳುತ್ತೇನೆ, ಅಷ್ಟರೊಳಗೆ ಗಾಡಿ ಯಾವುದೆಂದು ತಂದು ತೋರಿಸಿ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದ. ಅಷ್ಟು ಹೇಳುವುದಕ್ಕೂ ಅವನಿಗೆ ಧೈರ್ಯ ಬೇಕಾಯಿತು ಎಂಬುದು ಊರಮ್ಮನಿಗೆ ಗೊತ್ತಾಯಿತು.

ಆದರೆ ಚೈನಿನಲ್ಲಿ ಅವಳು ಇನ್ನೊಂದನ್ನೂ ಕಂಡಿದ್ದಳು. ಅದನ್ನು ಮಾರೇಶನಿಗೆ ಹೇಳಲಿಲ್ಲ.

ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಸರೋಜಾ ಅವಳ ಮುಖವನ್ನೇ ನೋಡುತ್ತಿದ್ದಳು. ಏನಕ್ಕಾ, ಏನೋ ಮುಚ್ಚಿಡುತ್ತಿದ್ದೀಯ ಎಂದು ಕೇಳಿದಳು. ನನ್ನ ತಂಗಿಯ ಜೀವದ ಪ್ರಶ್ನೆ, ನನ್ನಿಂದ ಮುಚ್ಚಿಡಬೇಡ ಎಂದಳು. ಊರಮ್ಮ ಲೋಟ ಕೆಳಗಿಟ್ಟಳು.

"ಎಣ್ಣಿ ಹಾಕಿದ ಕೈ ನನಗ ಗೊತ್ತೈತಿ, ಸರೋಜಾ."

ಊರಿನ ಸೈಕಲ್ ಅಂಗಡಿಯವರೆಲ್ಲ ಪೆಡಲು ತಿರುಗಿಸುತ್ತ ಡಬ್ಬಿಯಿಂದ ಒಂದೇ ಸಮ ಎಣ್ಣೆ ಸುರಿಯುತ್ತಾರೆ. ಅರ್ಧ ಎಣ್ಣೆ ರಿಮ್ಮಿಗೆ, ಕಾಲು ಭಾಗ ನೆಲಕ್ಕೆ. ಈ ಚೈನಿಗೆ ಮಾತ್ರ ಒಳಮಗ್ಗುಲಿನಿಂದ ಒಂದೊಂದು ಕೊಂಡಿಗೆ ಒಂದೊಂದೇ ಹನಿ ಬಿಟ್ಟು, ಆಮೇಲೆ ಹೊರಮೈಯನ್ನು ಬಟ್ಟೆಯಿಂದ ಒರೆಸಿ ಒಣಗಿಸಿತ್ತು. ಎಣ್ಣೆ ಇರಬೇಕಾದದ್ದು ಕೊಂಡಿಯ ಹೊಟ್ಟೆಯಲ್ಲಿ, ಮೈಮೇಲಲ್ಲ ಎಂದು ಬೈದು ಬೈದು ಕಲಿಸಿದ ಮನುಷ್ಯನೊಬ್ಬ ಸಿರುಗುಪ್ಪದಲ್ಲಿದ್ದ. ಊರಮ್ಮನಿಗೆ ಸೈಕಲ್ಲು ಕಲಿಸಿದವನೂ ಅವನೇ. ಹೆಣ್ಣುಮಗಳು ಸೈಕಲ್ಲೇರಿ ಶಾಲೆಗೆ ಹೋಗುವುದೆಂದರೆ ದೇಶನೂರಿನಲ್ಲಿ ಜನ ಮೂಗು ಮುರಿಯುತ್ತಿದ್ದ ಕಾಲದಲ್ಲಿ, ಹಳೇ ಸಾಮಾನು ಜೋಡಿಸಿ ಅವಳಿಗೊಂದು ಸೈಕಲ್ಲು ಮಾಡಿಕೊಟ್ಟಿದ್ದ. ಅಪ್ಪನಿಗಿಂತ ಒಂದು ಕೈ ಹೆಚ್ಚು ಎಂದು ಅವಳು ಅಂದುಕೊಂಡಿದ್ದ ಮನುಷ್ಯ.

"ಯಾರದು?" ಎಂದಳು ಸರೋಜಾ.

"ದಸ್ತಗೀರಸಾಬ್. ದೇಶನೂರು ರಸ್ತಾದಾಗ ಅಂಗಡಿ ಐತಿ."

ಹೇಳುವಾಗ ಊರಮ್ಮನಿಗೆ ನೋವಾಯಿತು. ಸರೋಜಾ ಸುಮ್ಮನೆ ತಲೆಯಾಡಿಸಿ ಬಳ್ಳಾರಿಯ ಬಸ್ಸು ಬಂತೆಂದು ಎದ್ದಳು.

ಊರಮ್ಮನೂ ಅದೇ ಬಸ್ಸು ಹತ್ತಿದಳು. ನೇರವಾಗಿ ಸಿರುಗುಪ್ಪಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಅಂಥ ಮನುಷ್ಯನ ಬಾಗಿಲಿಗೆ ಹೋಗಿ 'ನೀನೇ' ಎನ್ನುವ ಮುಂಚೆ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಬೇಕು ಎನ್ನಿಸಿತು. ಗಾಂಧಿನಗರದ ಕೋಣೆಯ ಕೆಳಗೆ ನಿಲ್ಲಿಸಿದ್ದ ತನ್ನ ಸೈಕಲ್ಲಿನ ಚೈನನ್ನು ನೋಡಿದಳು. ಹೋದ ತಿಂಗಳು ಅವನೇ ಎಣ್ಣೆ ಹಾಕಿಕೊಟ್ಟದ್ದು. ಅದೇ ಒಳಮಗ್ಗುಲು, ಒರೆಸಿದ ಅದೇ ಹೊರಮೈ. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಅಷ್ಟಾದರೂ ಮನಸ್ಸು ಒಪ್ಪಲಿಲ್ಲ. ಸಂಜೆ ಪಂಪಾವತಿಯ ಜೊತೆ ಕೆಲಸ ಮಾಡುವ ಚನ್ನವೀರಮ್ಮನ ಮನೆಗೆ ಹೋಗಿ, ಅವಳ ಸೈಕಲ್ಲಿನ ಮೇಣದ ಚೈನನ್ನು ಒಂದು ದಿನದ ಮಟ್ಟಿಗೆ ಬಿಚ್ಚಿಸಿಕೊಂಡು ಬಂದಳು. ಚೈನು ಯಾಕೆ ಎಂದು ಚನ್ನವೀರಮ್ಮ ಕೇಳಲಿಲ್ಲ. ಪಂಪಾವತಿಗಾಗಿ ಎಂದರೆ ಸೈಕಲ್ಲನ್ನೇ ಒಯ್ಯಿ ಎಂದಳು.

ಬೆಳಿಗ್ಗೆ ಸಿರುಗುಪ್ಪದಲ್ಲಿ ಬಸ್ಸಿಳಿದಾಗ ಅಕ್ಕಿ ಗಿರಣಿಗಳ ತವುಡಿನ ವಾಸನೆ ಮೂಗಿಗೆ ಹೊಡೆಯಿತು. ದಸ್ತಗೀರಸಾಬ್‌ನ ಅಂಗಡಿ ತೆರೆದಿತ್ತು. ಮುದುಕ ಚಕ್ರವೊಂದನ್ನು ತೊಡೆಯ ಮೇಲಿಟ್ಟುಕೊಂಡು ಕಡ್ಡಿ ಬಿಗಿಯುತ್ತಿದ್ದ. ಅವಳನ್ನು ಕಂಡ. ಎಂದಿನಂತೆ 'ಬಾ ಊರಮ್ಮಾ' ಎನ್ನಲಿಲ್ಲ. ಸ್ಟೂಲು ಸರಿಸಲಿಲ್ಲ. ಒಳಗೆ ಕೂಗಿ ಚಹಾ ಹೇಳಲಿಲ್ಲ.

"ಆರಾಮ ಅದೀಯೇನು ಚಾಚಾ?"

"ಅದೀನಿ," ಎಂದು ಅವನು ಚಕ್ರವನ್ನೇ ನೋಡಿದ.

ಊರಮ್ಮ ತಾನೇ ಸ್ಟೂಲು ಎಳೆದುಕೊಂಡು ಕೂತಳು. ಪಂಪಾವತಿ ಎಂಬ ಹೆಂಗಸಿನ ಸೈಕಲ್ಲು ಈ ಅಂಗಡಿಗೆ ಬಂದಿತ್ತೇ ಎಂದು ಕೇಳಿದಳು. ಇಲ್ಲವೆಂದ. ಹೆಸರು ಕೇಳಿದ್ದೀಯಾ ಎಂದಳು. ಇಲ್ಲವೆಂದ. ಅಳಿಯ ರಫೀಕ್‌ನ ಗೂಡ್ಸ್ ಆಟೋ ಈಗ ಯಾರ ಮಾಲು ಹೊಡೆಯುತ್ತಿದೆ ಎಂದಳು. ಅದು ಅವನನ್ನೇ ಕೇಳು ಎಂದ. ರಫೀಕ್ ಕರಿಬಸವನ ಯುನಿಟ್ಟಿನಿಂದ ಜೀನ್ಸ್ ಕಟ್ಟುಗಳನ್ನು ಮನೆಮನೆಗೆ ಹೊಲಿಯಲು ಸಾಗಿಸುತ್ತಾನೆಂಬುದು ಇಬ್ಬರಿಗೂ ಗೊತ್ತಿತ್ತು.

ಸುಳ್ಳು ಹೇಳುವವರ ಮುಂದೆ ಕೂತೂ ಕೂತೂ ಊರಮ್ಮನ ಕೂದಲು ಬೆಳ್ಳಗಾಗಿದೆ. ಇಷ್ಟು ಕೆಟ್ಟದಾಗಿ ಸುಳ್ಳು ಹೇಳುವವನನ್ನು ಮಾತ್ರ ಅವಳು ಕಂಡಿರಲಿಲ್ಲ. ಜಗಳಕ್ಕೆ ಹೋಗಲಿಲ್ಲ. ಚೀಲದಿಂದ ಚನ್ನವೀರಮ್ಮನ ಚೈನು ತೆಗೆದು ಅವನ ಮುಂದಿನ ಹಲಗೆಯ ಮೇಲೆ ಇಟ್ಟಳು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಗಳು ಕೌಸರ್‌ಗೆ ಈಗ ಎಷ್ಟನೇ ತಿಂಗಳು, ಹೆರಿಗೆ ಇಲ್ಲೋ ಬಳ್ಳಾರಿಯಲ್ಲೋ ಎಂದು ವಿಚಾರಿಸಿದಳು.

ಮುದುಕ ಉತ್ತರ ಹೇಳುತ್ತ ಹೋದ. ಇಲ್ಲೇ ದವಾಖಾನೆಯಲ್ಲಿ, ಡಾಕ್ಟರಮ್ಮ ಒಳ್ಳೆಯವಳು ಎಂದ. ಅವನ ಕಣ್ಣು ಆ ಬರಡು ಚೈನಿನ ಮೇಲೆ ಬಿತ್ತು. ತಪ್ಪಿಸಿದ. ಮತ್ತೆ ಬಿತ್ತು. ಮಾತು ನಡೆದೇ ಇತ್ತು. ಅವನ ಬಲಗೈ ತನ್ನಷ್ಟಕ್ಕೆ ಹಲಗೆಯ ಮೂಲೆಗೆ ಹೋಗಿ ಎಣ್ಣೆ ಕುಪ್ಪಿಯನ್ನು ಎತ್ತಿಕೊಂಡಿತು. ಎಡಗೈ ಚೈನನ್ನು ತಿರುವಿ ಒಳಮಗ್ಗುಲು ಮೇಲೆ ಮಾಡಿತು. ಮೊದಲ ಕೊಂಡಿಗೆ ಒಂದು ಹನಿ, ಎರಡನೆಯದಕ್ಕೆ ಒಂದು ಹನಿ.

ಮೂರನೆಯದಕ್ಕೆ ಬಂದಾಗ ಅವನು ತನ್ನ ಕೈಯನ್ನು ನೋಡಿದ.

ಊರಮ್ಮನಿಗೆ ಗೆದ್ದೆ ಎನ್ನಿಸಬೇಕಿತ್ತು, ಎನ್ನಿಸಲಿಲ್ಲ. ಒಣಗಿದ ಚೈನನ್ನು ಕಂಡು ಸುಮ್ಮನಿರಲಾರದ ಆ ಕೈಯ ಮೇಲೆ ಅವಳಿಗೆ ಇದ್ದ ಪ್ರೀತಿ ಆಗಲೂ ಕಡಿಮೆಯಾಗಲಿಲ್ಲ.

"ಹೌದು, ಹಾಕೀನಿ," ಎಂದ ದಸ್ತಗೀರಸಾಬ್, ಕುಪ್ಪಿಯನ್ನು ಕೆಳಗಿಟ್ಟು. "ಅಂಗಡಿಯಾಗ ಒಂದು ಹಗಲು ನಿಂತಿತ್ತು. ಚೈನು ನೋಡಿದ್ರ ಹೊಟ್ಟಿ ಉರೀತು, ಹಾಕಿದೆ. ಅದು ಮೇಣ ಅಂತ ನನಗೇನು ಗೊತ್ತು? ಈಗ ಏನು ಮಾಡ್ತಿ ಮಾಡು. ಕರಿಬಸವಗ ಫೋನ್ ಹಚ್ಚು."

"ಕರಿಬಸವಗ ನಾ ಯಾಕ ಫೋನ್ ಹಚ್ಚಲಿ?"

"ಯಾಕಂದ್ರ ಅವನ ರೊಕ್ಕ ತಿಂದೀಯಲ್ಲ, ಅದಕ್ಕ." ಮುದುಕ ಸಿಟ್ಟಿನಿಂದ ತೊಡೆಯ ಮೇಲಿನ ಚಕ್ರವನ್ನು ಪಕ್ಕಕ್ಕೆ ತಳ್ಳಿದ. "ನಿನಗ ಸೈಕಲ್ ಕಲಿಸಿದ್ದಕ್ಕ ನನ್ನ ಮ್ಯಾಲೆ ನಿಮ್ಮೂರಿನವರು ಕಲ್ಲು ತೂರಿದ್ರು. ನಾ ಹೆದರಿದ್ದಿಲ್ಲ. ಈಗ ಇವನಿಗೆ ಹೆದರ್ತೀನೇನು? ನನ್ನ ಅಂಗಡಿ ಸುಡು, ನನ್ನ ಒಳಗ ಹಾಕಿಸು. ಆ ಹೆಣ್ಣುಮಗಳು ಎಲ್ಲಿ ಅಂತ ನನ್ನ ಬಾಯಿಂದ ಬರಂಗಿಲ್ಲ."

ಊರಮ್ಮ ಎದ್ದು ನಿಂತಳು. ಬೈಗುಳ ಅವಳ ಕಿವಿಗೇ ಬೀಳಲಿಲ್ಲ. ಕೊನೆಯ ಮಾತೊಂದೇ ಒಳಗಿಳಿದಿತ್ತು.

"ಪಂಪಾವತಿ ಬದುಕ್ಯಾಳೇನು ಚಾಚಾ?"

ಒಳಬಾಗಿಲಿನ ಪರದೆ ಸರಿಯಿತು. ತುಂಬು ಬಸುರಿ ಕೌಸರ್ ಸೊಂಟಕ್ಕೆ ಕೈ ಕೊಟ್ಟುಕೊಂಡು ಬಂದು ಅಪ್ಪನ ಪಕ್ಕ ನಿಂತಳು. ಅವಳ ಕಣ್ಣಿನಲ್ಲೂ ಅದೇ ಕಿಚ್ಚು.

"ಬದುಕ್ಯಾಳ," ಎಂದಳು. "ನಮ್ಮ ಮನ್ಯಾಗ ಇದ್ಲು. ನಮ್ಮವರು ಗಾಡಿಯಾಗ ಕರಕೊಂಡು ಬಂದ್ರು. ಕರಿಬಸವನ ಮಂದಿ ಆಕಿ ಮನಿ ಸುತ್ತ ತಿರಗಾಕ ಹತ್ತಿದ್ರು. ಸತ್ತಳು ಅಂತ ಅಂವ ತಿಳ್ಕೊಂಡ್ರ ಸೋಮವಾರದ ತನಕ ಉಳೀತಾಳ ಅಂತ ಸೈಕಲ್ ಒಯ್ದು ಕಾಲುವಿ ಮ್ಯಾಲೆ ಇಟ್ರು. ಹೇಳ್ರಿ ಹೋಗಿ. ಯಾರಿಗೆ ಬೇಕಾದ್ರೂ ಹೇಳ್ರಿ."

ಊರಮ್ಮ ಮತ್ತೆ ಸ್ಟೂಲಿನ ಮೇಲೆ ಕೂತಳು. ಬದುಕಿದ್ದಾಳೆ. ಕಾಲುವೆಯ ನೀರು ಕಂಡಾಗಲೆಲ್ಲ ಒಳಗೆ ಒತ್ತುತ್ತಿದ್ದ ಭಾರ ಒಮ್ಮೆಲೇ ಇಳಿಯಿತು. ಅದರ ಹಿಂದೆಯೇ ಸಿಟ್ಟು ಬಂತು.

"ನಾ ಮಾರಿಕೊಂಡಾಕಿ ಆಗಿದ್ರ ಕೆಂಪು ಬಸ್ಸಿನ್ಯಾಗ ಒಬ್ಬಾಕೀನ ಬರ್ತಿದ್ದಿಲ್ಲ ಚಾಚಾ, ಕರಿಬಸವನ ಮಂದೀನ ಮುಂದ ಮಾಡಿ ಬರ್ತಿದ್ದೆ," ಎಂದಳು. "ಈ ಕೈ ನಿಂದು ಅಂತ ನಿನ್ನೀನ ಗೊತ್ತಿತ್ತು. ಪೊಲೀಸರ ಮುಂದ ಬಾಯಿ ಬಿಟ್ಟಿಲ್ಲ. ನಿನ್ನ ಕೇಳದ ನಿನ್ನ ಹೆಸರು ಹೇಳಬಾರದು ಅಂತ ಒಂದು ರಾತ್ರಿ ಕಳಕೊಂಡು ಬಂದೀನಿ. ನನ್ನ ಮ್ಯಾಲೆ ಈ ಹೊಲಸು ಹಾಕಿದವರು ಯಾರು, ಅದನ್ನ ಮೊದಲು ಹೇಳು."

ಅಪ್ಪ ಮಗಳು ಮುಖ ನೋಡಿಕೊಂಡರು. ಮುದುಕನ ಗಡಸು ಸ್ವಲ್ಪ ಸಡಿಲವಾಯಿತು.

"ಪಂಪಾವತಿಯ ಅಕ್ಕ," ಎಂದ. "ಸರೋಜಾ."

ಊರಮ್ಮನಿಗೆ ತಾನು ಸರಿಯಾಗಿ ಕೇಳಿದೆನೋ ಇಲ್ಲವೋ ಎನ್ನಿಸಿತು. ಸರೋಜಾ ಇಲ್ಲಿಗೆ ಯಾವಾಗ ಬಂದಿದ್ದಳು ಎಂದು ಕೇಳಿದಳು. ಕೌಸರ್ ಹೇಳಿದಳು. ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ, ಬಾಗಿಲು ಬಡಿದಳು. ಊರಮ್ಮ ಕರಿಬಸವನಿಗೆ ಮಾರಿಕೊಂಡಿದ್ದಾಳೆ, ಎಣ್ಣೆಯ ಗುರುತು ಹಿಡಿದಿದ್ದಾಳೆ, ಹೊತ್ತೇರುವುದರೊಳಗೆ ಅವನ ಮಂದಿಯನ್ನು ಕರೆದುಕೊಂಡು ಬರುತ್ತಾಳೆ, ತಂಗಿಯನ್ನು ನನ್ನ ಜೊತೆ ಕಳಿಸಿಬಿಡಿ ಎಂದಳು. ತಾನು ಬದುಕಿರುವ ಸುದ್ದಿಯನ್ನು ಪಂಪಾವತಿ ಅಕ್ಕನಿಗೂ ತಿಳಿಸಿರಲಿಲ್ಲ. ಗೊತ್ತಾದರೆ ಅವಳನ್ನು ಹೊಡೆದು ಬಾಯಿ ಬಿಡಿಸುತ್ತಾರೆಂಬ ಹೆದರಿಕೆ. ಅಕ್ಕನನ್ನು ಕಂಡೊಡನೆ ಕೊರಳಿಗೆ ಬಿದ್ದು ಅತ್ತುಬಿಟ್ಟಳು. ರಸ್ತೆಯ ತಿರುವಿನಲ್ಲಿ ಕಾರೊಂದು ನಿಂತಿತ್ತು. ಇಬ್ಬರೂ ಅದರಲ್ಲಿ ಹೋದರು.

"ಯಾರ ಕಾರು?"

"ಇನ್ನೂ ಕತ್ತಲಿತ್ತು. ಒಳಗ ಡ್ರೈವರ್ ಇದ್ದ, ಇಳೀಲಿಲ್ಲ," ಎಂದಳು ಕೌಸರ್. ಅಷ್ಟು ಹೊತ್ತಿಗೆ ಅವಳ ಮುಖದ ಕಿಚ್ಚು ಆರಿ ಬೇರೆಯೇ ಬಣ್ಣ ಬರತೊಡಗಿತ್ತು.

ಊರಮ್ಮ ಹಿಂದಿನದನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದಳು. ದಸ್ತಗೀರಸಾಬ್‌ನ ಹೆಸರನ್ನು ಅವಳು ಹೇಳಿದ್ದು ಒಬ್ಬಳಿಗೆ. ಪೊಲೀಸರು ಮುಚ್ಚಲು ಹೊರಟ ಪ್ರಕರಣವನ್ನು ಹಟ ಹಿಡಿದು ಹುಡುಕಿಸಿದವಳೂ ಅವಳೇ. ತಂಗಿ ಸತ್ತಿಲ್ಲವೆಂದು ಎದೆಯುಬ್ಬಿಸಿ ಹೇಳಿದವಳಿಗೆ, ಆ ಗುಮಾನಿಯನ್ನು ಬೇರೆ ಯಾರಾದರೂ ತಲೆಗೆ ತುಂಬಿದ್ದರೇ? ಹೆಣ ಕಾಣದೆ, ಸಾಕ್ಷಿ ನಿಜಕ್ಕೂ ಸತ್ತಳೋ ಇಲ್ಲವೋ ಎಂದು ನಿದ್ದೆ ಬರದಿದ್ದವನು ಒಬ್ಬನಿದ್ದ. ಬಳ್ಳಾರಿಯಲ್ಲಿ.

ಇಷ್ಟು ದಿನ ತಾನು ಯಾರ ಪರವಾಗಿ ಹುಡುಕುತ್ತಿದ್ದೆ ಎಂಬ ಪ್ರಶ್ನೆ ಈಗ ಅವಳೆದುರು ಬಂದು ನಿಂತಿತು.

ಆದರೂ ಅವಳಿಗೆ ನಂಬುವುದಕ್ಕೆ ಆಗಲಿಲ್ಲ. ಆ ಹಟ, ಆ ಕಣ್ಣೀರು ಎಲ್ಲ ನಾಟಕವೇ? ನಿಜವಾಗಿಯೇ ಯಾರೋ ಕಿವಿಯೂದಿ, ಸರೋಜಾ ಊರಮ್ಮನನ್ನೇ ಅನುಮಾನಿಸಿ, ತಂಗಿಯನ್ನು ಉಳಿಸಿಕೊಳ್ಳಲು ಓಡಿಬಂದಿರಬಾರದೇಕೆ? ಹಾಗಿದ್ದರೆ ಪಂಪಾವತಿ ಈಗ ಅಕ್ಕನ ಮಡಿಲಲ್ಲಿ ಕ್ಷೇಮವಾಗಿದ್ದಾಳೆ.

ಫೋನು ಬಡಿದುಕೊಂಡಿತು. ಸರೋಜಾಳದೇ.

ಊರಮ್ಮ ಅಪ್ಪ ಮಗಳಿಗೆ ಸುಮ್ಮನಿರಿ ಎಂದು ಸನ್ನೆ ಮಾಡಿ, ಮೂವರಿಗೂ ಕೇಳುವಂತೆ ಸ್ಪೀಕರ್ ಹಾಕಿ ಫೋನನ್ನು ಹಲಗೆಯ ಮೇಲಿಟ್ಟಳು.

"ಅಕ್ಕಾ," ಎಂದಳು ಸರೋಜಾ. ಅತ್ತು ಅತ್ತು ಕಟ್ಟಿದ ದನಿ. "ಸಿರುಗುಪ್ಪಕ್ಕ ಹೋದೇನು? ನನ್ನ ತಂಗಿ ಸುದ್ದಿ ಏನರ ಸಿಕ್ತೇನು? ನಿನ್ನೆ ಬಂದಾಗಿಂದ ಮನಿ ಬಿಟ್ಟು ಹೊರಗ ಕಾಲಿಟ್ಟಿಲ್ಲ, ನಿನ್ನ ಫೋನ್ ಕಾಯ್ಕೊಂತ ಕುಂತೀನಿ."

ಕೌಸರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದಸ್ತಗೀರಸಾಬ್ ಗೋಡೆಗೆ ಕೈ ಊರಿದ. ಊರಮ್ಮನ ಒಳಗೆ ಉಳಿದಿದ್ದ ಆ ಒಂದು ಆಸೆಯೂ ಅಲ್ಲಿಗೆ ಮುರಿಯಿತು. ನೋವಾಯಿತು, ಬಹಳ ನೋವಾಯಿತು. ದನಿಯಲ್ಲಿ ತೋರಿಸಲಿಲ್ಲ.

"ಇಲ್ಲವ್ವ. ಇನ್ನೂ ಏನೂ ಸಿಕ್ಕಿಲ್ಲ," ಎಂದಳು.

"ಆ ಮುದುಕ ಏನಂದ?"

"ನಾ ಹಾಕಿಲ್ಲ ಅಂತಾನ. ಬಾಯಿ ಬಿಡವಲ್ಲ."

ಆ ಕಡೆ ಯಾರೋ ಗಂಡಸು ಕೆಮ್ಮಿದ್ದು ಕೇಳಿಸಿತು. ಸರೋಜಾ ಫೋನನ್ನು ಕೈಯಿಂದ ಮುಚ್ಚಿರಬೇಕು, ದನಿ ಮತ್ತೆ ಬಂದಾಗ ಅಳು ಇರಲಿಲ್ಲ. ಇದ್ದದ್ದು ಭಯವೋ ದುರಾಸೆಯೋ, ಊರಮ್ಮನಿಗೂ ತಿಳಿಯಲಿಲ್ಲ.

"ಹಂಗಾದ್ರ ಬಿಡಕ್ಕ, ಸಾಕು. ಇನ್ನ ನೀ ಹುಡುಕಬ್ಯಾಡ. ಪಂಪಿ ಸತ್ತಾಳ ಅಂತ ನನ್ನ ಮನಸಿಗೂ ಅನ್ನಿಸಾಕ ಹತ್ತೈತಿ. ಇವತ್ತು ಕುರುಗೋಡಿಗೆ ಹೋಗಿ ಆ ಕಾಗದಕ್ಕ ಸಹಿ ಹಾಕಿಬಿಡ್ತೀನಿ."

ಜೀವಂತ ಇರುವವಳನ್ನು ಒಡಹುಟ್ಟಿದವಳೇ ಸತ್ತಳೆಂದು ಬರೆದುಕೊಡಲು ಹೊರಟಿದ್ದಳು. ಆ ಸಹಿ ಬಿದ್ದ ಮೇಲೆ ಪಂಪಾವತಿಗೆ ಏನೇ ಆದರೂ ಕೇಳುವವರಿರುವುದಿಲ್ಲ.

ಊರಮ್ಮ ಕೈಯಿಂದ ಗಾಳಿಯಲ್ಲಿ ಸ್ಟಿಯರಿಂಗ್ ತಿರುಗಿಸಿ ತೋರಿಸಿದಳು. ಸಹಿ ಬೀಳುವ ಮುಂಚೆ ಠಾಣೆ ಮುಟ್ಟಿ ನಿಜ ಹೇಳಬೇಕೆಂಬುದು ಕೌಸರ್‌ಗೆ ತಿಳಿಯಿತು. ಗಾಡಿ ತೆಗೆ ಎಂದು ಗಂಡನಿಗೆ ಹೇಳಲು ಹಿತ್ತಲಿಗೆ ನಡೆದಳು.

"ಹಾಕವ್ವ, ಹಾಕು," ಎಂದಳು ಊರಮ್ಮ ಫೋನಿಗೆ ಬಗ್ಗಿ. "ಆದ್ರ ಅವಸರ ಮಾಡಬ್ಯಾಡ. ನೀ ಸಹಿ ಹಾಕೋವಾಗ ನಾ ಎದುರಿಗೆ ನಿಂತು ನೋಡಬೇಕು."